ಕೊಂಬಿನ ಕೆಳಗಿನ ಅಕ್ಷರ

ದನದ ಕೊಂಬನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಒಂದು ವಾಸನೆ ಏಳುತ್ತದೆ. ಸುಟ್ಟ ಕೂದಲಿನದ್ದೂ ಅಲ್ಲ, ಹಸಿ ತೊಗಲಿನದ್ದೂ ಅಲ್ಲ. ತೊಯ್ದ ಎತ್ತೊಂದು ಒಲೆಯ ಪಕ್ಕಕ್ಕೆ ಬಂದು ನಿಂತ ಹಾಗಿನ ವಾಸನೆ. ಎರಡು ಸಾವಿರದ ಹತ್ತೊಂಬತ್ತರ ಚಳಿಗಾಲದಲ್ಲಿ ಅಮೇರಿಕದ ರೆಸ್ಟನ್ ಎಂಬ ಊರಿನ ವಕೀಲರ ಕಚೇರಿಯೊಂದರಲ್ಲಿ ಅದು ನನ್ನ ಮೂಗಿಗೆ ಬಂತು. ಅಲ್ಲಿ ಕೊಂಬೂ ಇರಲಿಲ್ಲ, ಕುದಿಯುವ ನೀರೂ ಇರಲಿಲ್ಲ. ನಾನು ಗೋಡೆಗೆ ಅಕ್ರೋಟ್ ಮರದ ಪುಸ್ತಕದ ಕಪಾಟು ಕೂಡಿಸುತ್ತಿದ್ದೆ. ಎಳೆಯ ವಕೀಲನೊಬ್ಬ ನೆಲದ ಮೇಲೆ ಪೇರಿಸಿಟ್ಟಿದ್ದ ಪುಸ್ತಕಗಳಲ್ಲಿ ಒಂದು ದಪ್ಪನೆಯದನ್ನು ತೋರಿಸಿ, ಆ ಹಾರ್ನ್‌ಬುಕ್ ಇತ್ತ ಕೊಡುತ್ತೀರಾ ಎಂದ. ನಾನು ಎತ್ತಿ ಕೊಟ್ಟೆ. ಕೊಡುವಾಗ ರಟ್ಟಿನ ಮೇಲೆ ಕೈ ಸವರಿ ನೋಡಿದೆ. ಇದರಲ್ಲಿ ಹಾರ್ನ್ ಎಲ್ಲಿದೆ ಎಂದು ಕೇಳಿದೆ. ಅವನು ನಕ್ಕ. ಕಾನೂನು ಓದುವ ಹುಡುಗರ ಮೊದಲ ಪಾಠದ ಪುಸ್ತಕಕ್ಕೆ ಹಾಗನ್ನುತ್ತಾರೆ, ಯಾಕೆ ಅನ್ನುತ್ತಾರೋ ಗೊತ್ತಿಲ್ಲ ಎಂದ. ಹೈಸ್ಕೂಲು ಮುಗಿಸದ ಬಡಗಿಯಾದ ನನಗೆ ಗೊತ್ತಿತ್ತು. ಹೇಳುವ ಮಾತು ಬಾಯಿಯ ತನಕ ಬಂದು ನಿಂತಿತು. ಹೇಳಹೊರಟರೆ ಆಯಿಯಿಂದ ಶುರು ಮಾಡಬೇಕು, ಎಲಿಕಾಟ್ ಸಿಟಿಯ ಗರಾಜಿನಿಂದ ಶುರು ಮಾಡಬೇಕು. ಕೆಲಸದ ಹೊತ್ತಿನಲ್ಲಿ ಅದಾಗುವುದಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲಿಕಾಟ್ ಸಿಟಿಯ ಆ ಮನೆ ದೊಡ್ಡಪ್ಪನದು. ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಟೌನ್‌ಹೌಸುಗಳ ಸಾಲಿನಲ್ಲಿ ಕೊನೆಯದು. ಕೆಳಗೆ ಗರಾಜು, ಅದರ ಮೇಲೆ ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆಗಳು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ನಾನು ಅಪ್ಪ ಅವ್ವನ ಜೊತೆ ಗದಗಿನಿಂದ ಬಂದು ಅಲ್ಲಿಳಿದಾಗ ನನಗೆ ಹನ್ನೆರಡು ವರ್ಷ. ದೊಡ್ಡಪ್ಪ ರೆಸ್ಟನ್ನಿನಲ್ಲಿ ಎಂಜಿನಿಯರ್. ತಮ್ಮನಿಗಾಗಿ ಅವನು ಹಾಕಿದ್ದ ಅರ್ಜಿ ಹಣ್ಣಾಗುವಷ್ಟರಲ್ಲಿ ಗದಗಿನ ಬಡಗಿಯಾದ ನಮ್ಮಪ್ಪನ ಮೀಸೆ ಅರ್ಧ ಬೆಳ್ಳಗಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಆಮೇಲೆ ದೊಡ್ಡಪ್ಪನ ಕಾರು ಹಿಂದಕ್ಕೆ ಹೊರಳುವ ಸದ್ದು. ಬಟ್ಟೆ ಒಣಗಿಸುವ ಮಷೀನಿನ ಬೆಚ್ಚನೆಯ ಗಾಳಿ ಹಿತ್ತಲಿನ ಕೊಳವೆಯಿಂದ ಹೊರಗೆ ಬರುತ್ತಿತ್ತು. ಚಳಿ ಬಂದ ಮೇಲೆ ನಾನೂ ಆಯಿಯೂ ಆ ಕೊಳವೆಯ ಮುಂದೆ ನಿಂತು ಕೈ ಕಾಸಿಕೊಳ್ಳುತ್ತಿದ್ದೆವು. ಆಯಿ ಅಂದರೆ ಅಪ್ಪನ ತಾಯಿ. ನಮಗಿಂತ ಐದು ವರ್ಷ ಮೊದಲೇ ಬಂದವಳು. ಅರವತ್ತಾರರ ವಯಸ್ಸು, ಇಲಕಲ್ ಸೀರೆ, ಅದರ ಮೇಲೆ ದೊಡ್ಡಪ್ಪನ ಹಳೆಯ ಸ್ವೆಟರು. ಯಾವ ಭಾಷೆಯ ಅಕ್ಷರವೂ ಬಾರದು. ಗದಗಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು, ಇಲ್ಲಿಗೆ ಬಂದ ಮೇಲೂ ಒತ್ತುತ್ತಿದ್ದಳು.

ಅವಳ ಮಗಳು ನೀಲತ್ತೆ ಗದಗಿನಲ್ಲೇ ಇದ್ದಳು. ಸಕ್ಕರೆ ಕಾಯಿಲೆಯಿಂದ ನೀಲತ್ತೆಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಫೋನಿನಲ್ಲಿ ಅವಳು ಅಳುತ್ತಿರಲಿಲ್ಲ. ಇವತ್ತು ಅಕ್ಕಿಯೊಳಗಿನ ಹರಳು ಕಾಣಲಿಲ್ಲ, ಇವತ್ತು ಬಸ್ಸಿನ ಬೋರ್ಡು ಕಾಣಲಿಲ್ಲ ಎಂದು ಲೆಕ್ಕ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ಆಯಿಗೆ ಹೋಗಿ ಮಗಳ ಜೊತೆ ಇರಬೇಕು. ಒಂದು ತಿಂಗಳು ಎರಡು ತಿಂಗಳಲ್ಲ, ಬೇಕಾದಷ್ಟು ದಿನ. ಆದರೆ ಗ್ರೀನ್ ಕಾರ್ಡಿನವರು ವರ್ಷಕ್ಕೂ ಹೆಚ್ಚು ಹೊರಗುಳಿದರೆ ತಿರುಗಿ ಬರುವುದು ಕಷ್ಟ. ಇಲ್ಲಿ ಇಬ್ಬರು ಗಂಡುಮಕ್ಕಳು, ಅಲ್ಲಿ ಒಬ್ಬಳು ಮಗಳು. ಯಾವ ಕಡೆಯ ಬಾಗಿಲೂ ಮುಚ್ಚಬಾರದು ಎಂದರೆ ಆಯಿ ಈ ದೇಶದ ಸಿಟಿಜನ್ ಆಗಬೇಕು. ಅದಕ್ಕೊಂದು ಪರೀಕ್ಷೆ. ಇಂಗ್ಲಿಷಿನಲ್ಲಿ ಮಾತಾಡಬೇಕು, ಒಂದು ವಾಕ್ಯ ಓದಬೇಕು, ಅವರು ಹೇಳಿದ ವಾಕ್ಯವೊಂದನ್ನು ಬರೆಯಬೇಕು. ದೊಡ್ಡಪ್ಪ ಒಂದು ಸುಲಭದ ದಾರಿ ಹುಡುಕಿದ್ದ.

"ಅವ್ವಾ, ಡಾಕ್ಟರ್ ಒಂದು ಫಾರ್ಮ್ ಫಿಲ್ ಮಾಡಿ ಕೊಡ್ತಾರ. ವಯಸ್ಸಾಗೇದ, ನೆನಪು ನಿಲ್ಲಂಗಿಲ್ಲ ಅಂತ. ಅದನ್ನ ಸಬ್ಮಿಟ್ ಮಾಡಿದ್ರ ಓದೋದು ಬರಿಯೋದು ಏನೂ ಬ್ಯಾಡ."

ಆಯಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಯಾರಿಗೆ ನೆನಪಿಲ್ಲ?"

"ನಿನಗಂತ ಬರಸೋದು. ಬರೇ ಕಾಗದದಾಗ."

"ನೀ ಹುಟ್ಟಿದ ದಿನ ಯಾವ ವಾರ, ಸೂಲಗಿತ್ತಿ ಏನ್ ಉಂಡು ಹೋದಳು, ಹೇಳ್ಲಿ? ನಿನ್ನ ಹೆಂಡ್ತಿ ನನಗ ಮೊದಲನೇ ಸಲ ಎದುರು ಮಾತಾಡಿದ್ದು ಯಾವ ಹಬ್ಬದಾಗ, ಹೇಳ್ಲಿ?"

ದೊಡ್ಡವ್ವ ಒಳಗಿನಿಂದ ಕೆಮ್ಮಿದಳು. ದೊಡ್ಡಪ್ಪ ಕೈಮುಗಿದ. "ಬ್ಯಾಡ ತಾಯಿ, ಹೇಳಬ್ಯಾಡ."

"ಅಕ್ಷರ ಇಲ್ಲ ಅಂತ ಬರಸು, ಖರೆ ಐತಿ. ನೆನಪಿಲ್ಲ ಅಂತ ಬರಸಬ್ಯಾಡ. ಅಕ್ಷರ ಕಲೀತೀನಿ. ಬಸು ಕಲಸ್ತಾನ."

ಬಸು ಅಂದರೆ ನಾನು. ಶಾಲೆಯಲ್ಲಿ ನನ್ನನ್ನು ಇಂಗ್ಲಿಷ್ ಬಾರದವರ ಕೋಣೆಯಲ್ಲಿ ಕೂಡಿಸಿದ್ದರು. ದಿನವಿಡೀ ಬಾಯಿ ಬಿಡದೆ ಕೂತು ಬಂದವನಿಗೆ, ಮನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕಾದಿದ್ದಾಳೆ ಎಂದರೆ ಎಂಥ ಹೆಮ್ಮೆ ಎಂಬುದನ್ನು ಪರವೂರಿನಲ್ಲಿ ಮೂಕನಾಗಿ ಕೂತ ಯಾರಾದರೂ ಬಲ್ಲರು. ಮಾತಿನ ಪಾಠಕ್ಕೆ ಆಯಿಗೆ ನನ್ನ ಅಗತ್ಯವೇ ಬೀಳಲಿಲ್ಲ. ಪರೀಕ್ಷೆಯಲ್ಲಿ ಈ ದೇಶದ ಬಗ್ಗೆ ಕೇಳುವ ಸರ್ಕಾರಿ ಪ್ರಶ್ನೋತ್ತರಗಳನ್ನೆಲ್ಲ ದೊಡ್ಡಪ್ಪನ ಮಗಳು ಅನು ಓದಿ ಹೇಳುತ್ತಿದ್ದಳು. ಅನು ಇಲ್ಲೇ ಹುಟ್ಟಿದವಳು, ಏಳು ವರ್ಷದವಳು. ಆಯಿ ಅವನ್ನು ಬೀಸುವ ಪದದ ಧಾಟಿಗೆ ಕೂಡಿಸಿಕೊಂಡು, ಇಲ್ಲದ ಬೀಸುಕಲ್ಲನ್ನು ಬಲಗೈಯಿಂದ ತಿರುಗಿಸುತ್ತ ಹಾಡುತ್ತಿದ್ದಳು. ಮೊದಲ ಅಧ್ಯಕ್ಷ ಯಾರು, ಬಾವುಟದಲ್ಲಿ ಎಷ್ಟು ಪಟ್ಟಿ ಎಂಬುದೆಲ್ಲ ಜೋಳದ ಹಿಟ್ಟಿನ ಹಾಗೆ ನುಣ್ಣಗೆ ಉದುರುತ್ತಿತ್ತು. "ಆಯಿ, ಯು ಆರ್ ಸಿಂಗಿಂಗ್ ದಿ ಆನ್ಸರ್ಸ್" ಎಂದು ಅನು ಬಿದ್ದು ಬಿದ್ದು ನಗುತ್ತಿದ್ದಳು. ಅಕ್ಷರದ ಪಾಠ ಮಾತ್ರ ನನ್ನದು. ಗದಗಿನ ನಮ್ಮ ಶಾಲೆಯ ಗುರುಗಳು ಹೇಗೆ ಕಲಿಸಿದ್ದರೋ ಹಾಗೇ ನಾನೂ ಕಲಿಸಿದೆ. ಅಂಕಲಿಪಿ ಹಿಡಿದವರಿಗೆಲ್ಲ ಗೊತ್ತಿರುವ ಪದ್ಧತಿ: ಮೊದಲು ನಾನೊಂದು ಅಕ್ಷರ ಬರೆಯುವುದು, ಅದರ ಮೇಲೇ ಅವಳು ತಿದ್ದುವುದು, ಮತ್ತೆ ತಿದ್ದುವುದು, ಮತ್ತೆ ತಿದ್ದುವುದು, ಅಕ್ಷರ ಬಳ್ಳಿ ಇದ್ದದ್ದು ಬೊಡ್ಡೆಯಾಗುವ ತನಕ. ಗಟ್ಟಿಯಾಗಿ ಕಂಡಷ್ಟೂ ನಾನು ಮೆಚ್ಚುತ್ತಿದ್ದೆ. "ಅಕ್ಷರ ಬಡವ ಇರಬಾರದು, ಆಯಿ. ತಿದ್ದು." ಆಯಿ ತಿದ್ದುತ್ತಿದ್ದಳು. ಊಟದ ಮೇಜಿನ ಮುಂದೆ ಕೂತು, ನಾಲಿಗೆ ತುದಿ ಕಚ್ಚಿಕೊಂಡು, ಸ್ವೆಟರಿನ ತೋಳು ಮೇಲೆ ಸರಿಸಿ. ಕಾಗದದ ಹಿಂದೆ ಅಕ್ಷರ ಉಬ್ಬಿ ಬಂದಿರುತ್ತಿತ್ತು, ಕುರುಡರೂ ಓದಬಹುದಾದಷ್ಟು. ಮನೆಯ ಯಾರೂ ಆ ನೋಟ್‌ಬುಕ್ ತೆರೆದು ನೋಡಲಿಲ್ಲ. ನೋಡಿದ್ದರೂ, ನಾವೆಲ್ಲ ಹಾಗೇ ಕಲಿತವರಲ್ಲವೇ?

ಬಾಲ್ಟಿಮೋರಿನ ಸರ್ಕಾರಿ ಕಚೇರಿಗೆ ಆಯಿ ಹೊಸ ಸೀರೆ ಉಟ್ಟು ಹೋದಳು. ನಾನೂ ಹೋಗಿದ್ದೆ, ಹೊರಗೆ ದೊಡ್ಡಪ್ಪನ ಪಕ್ಕ ಕೂತಿದ್ದೆ. ಒಳಗೆ ಮಾತಿನ ಪರೀಕ್ಷೆ ನಡೆಯಿತು, ಆಯಿ ಗೆದ್ದಳು, ಓದುವುದನ್ನೂ ಗೆದ್ದಳು. ಬರೆಯುವುದರಲ್ಲಿ ಸೋತು ಬಂದಳು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವಳೇ ಹೇಳಿದಳು. "ಒಮ್ಮೆ ಬರದೆ. ತೆಳ್ಳಗ ಕಂಡ್ತು. ತಿದ್ದಿದೆ. ಆ ಆಫೀಸರ್ ಹೆಣ್ಮಗಳು ಏನೋ ಅಂದ್ಲು, ತಿಳೀಲಿಲ್ಲ. ಇನ್ನೊಮ್ಮೆ ತಿದ್ದಿದೆ. ಹಾಳಿ ಹರೀತು. ಮತ್ತೊಂದು ಕೊಟ್ಲು ಪಾಪ, ಮೂರು ಸಲ ಕೊಟ್ಲು. ಒಳ್ಳೇಕಿ ಅದಾಳ, ನನ್ನ ಕೈ ಹಿಡಿದು ಸಾಕು ಅಂದ್ಲು. ನನ್ನ ಕೈಗೇ ನಿಲ್ಲೋದು ಗೊತ್ತಿಲ್ಲ." ದೊಡ್ಡಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಹೀಗೆ ಯಾರೋ ಬರಿಯೋದು? ಒಂದು ಸೆಂಟೆನ್ಸ್ ಅಷ್ಟು ಓವರ್‌ರೈಟ್ ಮಾಡಿದ್ರ ಯಾರು ರೀಡ್ ಮಾಡ್ತಾರ?" ಆಯಿ ಮುಂದಕ್ಕೆ ಬಾಗಿ ಅವನ ಭುಜಕ್ಕೆ ಬೆರಳಿನಿಂದ ತಿವಿದಳು. "ನನ್ನ ಮಾಸ್ತರಗ ಏನೂ ಅನಬ್ಯಾಡ." ನಾನು ಕಿಟಕಿಯ ಕಡೆ ತಿರುಗಿ ಕೂತೆ. ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ಎರಡು ಮೂರು ತಿಂಗಳೊಳಗೆ ಮತ್ತೊಮ್ಮೆ ಕರೆಯುತ್ತಾರೆ, ಬರವಣಿಗೆ ಒಂದನ್ನೇ ನೋಡುತ್ತಾರೆ, ಆಗಲೂ ಆಗದಿದ್ದರೆ ಎಲ್ಲ ಮೊದಲಿನಿಂದ ಎಂದು ದೊಡ್ಡಪ್ಪ ಹೇಳಿದ. ಆ ವಾರವೇ ನೀಲತ್ತೆ ಫೋನಿನಲ್ಲಿ ಎಡಗಣ್ಣು ಪೂರ್ತಿ ಹೋಯಿತು ಎಂದಳು.

ಕೈಗೆ ಹತ್ತಿದ್ದು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ನಾನು ಎಷ್ಟು ಬೇಡವೆಂದರೂ ಆಯಿಯ ಪೆನ್ನು ಬರೆದ ಅಕ್ಷರದ ಮೇಲೆ ವಾಪಸು ಹೋಗುತ್ತಿತ್ತು, ದನ ಕೊಟ್ಟಿಗೆಗೆ ಹೋದ ಹಾಗೆ. ಊರಿನ ಲೈಬ್ರರಿಯಲ್ಲಿ ಶನಿವಾರಕ್ಕೊಮ್ಮೆ ಓದು ಕಲಿಸಲು ಮಿಸ್ ರುತ್ ಎಂಬ ನಿವೃತ್ತ ಶಿಕ್ಷಕಿ ಬರುತ್ತಿದ್ದರು. ಬೆಳ್ಳನೆಯ ಮೋಟುಗೂದಲು, ಕೋಲು, ಕೋಟಿನ ಜೇಬಿನಲ್ಲಿ ಸದಾ ಶುಂಠಿ ಮಿಠಾಯಿ. ಅವರು ಆಯಿಯ ನೋಟ್‌ಬುಕ್ಕನ್ನು ಮೊದಲ ಸಲ ನೋಡಿದ್ದು ಆಗಲೇ. ಹಾಳೆಯ ಹಿಂಬದಿಗೆ ಬೆರಳಾಡಿಸಿ, ಎದ್ದು ಹೋಗಿ ಒಂದು ದೊಡ್ಡ ಚಿತ್ರದ ಪುಸ್ತಕ ತಂದರು. ಅದರಲ್ಲಿ ಒಂದು ಹಲಗೆಯ ಚಿತ್ರ. ರೊಟ್ಟಿ ಮಗುಚುವ ಹಲಗೆಯ ಹಾಗೆ ಚಿಕ್ಕ ಹಿಡಿಕೆ. ಇದರ ಹೆಸರು ಹಾರ್ನ್‌ಬುಕ್, ಇಂಗ್ಲಿಷರ ಹಳೆಯ ಅಂಕಲಿಪಿ ಎಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದಷ್ಟು ನಾನು ಆಯಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಕಾಗದ ತುಟ್ಟಿಯಾಗಿದ್ದ ಕಾಲವಂತೆ. ಒಂದೇ ಒಂದು ಹಾಳೆಯಲ್ಲಿ ಅಕ್ಷರಮಾಲೆ ಬರೆದು ಹಲಗೆಗೆ ಅಂಟಿಸಿ, ಮಕ್ಕಳ ಮಣ್ಣುಗೈ ತಾಗದಿರಲಿ ಎಂದು ಅದರ ಮೇಲೆ ದನದ ಕೊಂಬನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಹೊದಿಸುತ್ತಿದ್ದರಂತೆ. ಅದಕ್ಕೇ ಆ ಹೆಸರು. ಮಕ್ಕಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರಂತೆ, ಮೇಷ್ಟ್ರು ಕಾಣದಾಗ ಅದರಿಂದಲೇ ಚೆಂಡು ಹೊಡೆಯುತ್ತಿದ್ದರಂತೆ. ಅಕ್ಷರದ ಸಾಲಿನ ತಲೆಯಲ್ಲಿ ಒಂದು ಶಿಲುಬೆ ಇರುತ್ತಿತ್ತು, ಮೊದಲು ಅದಕ್ಕೆ ನಮಸ್ಕಾರ, ಆಮೇಲೆ ಎ ಬಿ ಸಿ.

"ನಮ್ಮಲ್ಲಿ ಶ್ರೀ ಬರದಂಗ" ಎಂದಳು ಆಯಿ. "ಆದ್ರ ವಿದ್ಯಾದಿಂದ ಚೆಂಡು ಬಡಿಯೋದು, ಅದೆಂಥಾ ಮಂದಿಯೋ."

ಆಮೇಲೆ ಅಚ್ಚಿನ ಪುಸ್ತಕ ಅಗ್ಗವಾಯಿತು, ಹಲಗೆ ಹೋಯಿತು, ಕೊಂಬು ಹೋಯಿತು. ಆದರೂ ಜನ ಯಾವುದೇ ಮೊದಲ ಪುಸ್ತಕಕ್ಕೆ ಹಾರ್ನ್‌ಬುಕ್ ಎನ್ನುತ್ತಲೇ ಇದ್ದರು ಎಂದರು ಮಿಸ್ ರುತ್. ಆಯಿ ಚಿತ್ರದ ಮೇಲೆ ಬೆರಳಿಟ್ಟು ಒಂದು ಅಕ್ಷರವನ್ನು ತಿದ್ದಿದಳು. ಪುಸ್ತಕದ ಹಾಳೆ ನುಣುಪಾಗಿತ್ತು. ಬೆರಳು ಹೋಗಿ ಬಂತು; ಅಕ್ಷರ ಇದ್ದ ಹಾಗೇ ಇತ್ತು. ಮಿಸ್ ರುತ್ ನನ್ನ ಕಡೆ ನೋಡಿದರು. ಅಷ್ಟೇ. ಅಕ್ಷರ ಕೆಡದ ಹಾಗೆ ತಿದ್ದಿಸುವ ದಾರಿ ನನಗೆ ಹೊಳೆಯಿತು.

ಮನೆಗೆ ಬಂದು ಗರಾಜಿನಲ್ಲಿದ್ದ ಅಪ್ಪನಿಗೆ, ಅಂಥದೊಂದು ಹಲಗೆ ಮಾಡಿಕೊಡು ಎಂದೆ. ಅಪ್ಪ ಆಗ ಒಂದು ಅಡುಗೆಮನೆ ಕಪಾಟಿನ ಕಾರ್ಖಾನೆಯಲ್ಲಿ ಸಹಾಯಕನಾಗಿದ್ದ. ಗದಗಿನಲ್ಲಿ ಬಾಗಿಲ ಚೌಕಟ್ಟಿಗೆ ಗಿಳಿ ಕೆತ್ತುತ್ತಿದ್ದ ಕೈ ಇಲ್ಲಿ ಹಲಗೆಗಳನ್ನು ಟ್ರಕ್ಕಿಗೆ ಎತ್ತಿ ಇಡುತ್ತಿತ್ತು. ಅವನು ಹೆಚ್ಚು ಮಾತಾಡುವವನಲ್ಲ. "ಕೋಡಿನ ಬದಲಿ ಗಾಜು ಹಾಕಿದ್ರಾಗಲ್ಲೇನು?" ಎಂದಷ್ಟೇ ಕೇಳಿದ. ಆಯಿ ಮೇಲಿನಿಂದಲೇ ಕೂಗಿದಳು: "ಕೋಡು ಅಂದಮ್ಯಾಲ ಕೋಡು." ಚಾಕುವಿನ ಹಿಡಿಕೆ ಮಾಡುವವರಿಗೆ ಮಾಲು ಒದಗಿಸುವ ಅಂಗಡಿಯಿಂದ ಅಪ್ಪ ಒಂದು ಕೊಂಬು ತಂದ. ಭಾನುವಾರ ಗರಾಜಿನಲ್ಲಿ ಅದನ್ನು ಉದ್ದಕ್ಕೆ ಸೀಳಿ, ದೊಡ್ಡ ಪಾತ್ರೆಯಲ್ಲಿ ಕುದಿಸಿದ. ನಾನು ಮೊದಲೇ ಹೇಳಿದ ವಾಸನೆ ಮೂರು ಮಹಡಿಗೂ ಏರಿತು. ಮೆತ್ತಗಾದ ಕೊಂಬನ್ನು ಚಪ್ಪಟೆ ಮಾಡಲು ಬಿಸಿ ಕಬ್ಬಿಣ ಬೇಕು. ಅಪ್ಪ ಒಂದು ಕಡೆ ದಪ್ಪ ಕಬ್ಬಿಣದ ಪಟ್ಟಿ ಇಟ್ಟ. ಇನ್ನೊಂದು ಕಡೆಗೆ ಅಡುಗೆಮನೆಗೆ ಹೋಗಿ, ಅವ್ವ ಗದಗಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ರೊಟ್ಟಿ ಹಂಚನ್ನೇ ಎತ್ತಿಕೊಂಡು ಬಂದ. ಅವ್ವ ಕೆಳಗೆ ಬರುವಷ್ಟರಲ್ಲಿ ಹಂಚಿಗೆ ನಾಲ್ಕು ಕ್ಲ್ಯಾಂಪ್ ಬಿದ್ದಿದ್ದವು.

"ನನ್ನ ಹಂಚು" ಎಂದಳು ಅವ್ವ, ಸತ್ತವರ ಹೆಸರು ಹೇಳಿದ ಹಾಗೆ. "ದನದ ಕೋಡು ಒತ್ತಿದ ಹಂಚಿನ ಮ್ಯಾಲ ಇನ್ನ ರೊಟ್ಟಿ ಹೆಂಗ ಸುಡ್ಲಿ?"

ಅಪ್ಪ ಸ್ಕ್ರೂ ತಿರುಗಿಸುತ್ತಲೇ ಇದ್ದ. ಉತ್ತರ ಕೊಟ್ಟವಳು ಆಯಿ. "ಸುಡಬ್ಯಾಡ. ಸರಸ್ವತಿಗೆ ಕೊಟ್ಟೆ ಅನ್ನು. ಹೊಸಾದು ತರಸ್ತೀನಿ, ನಾನ ಹೋಗಿ ತರ್ತೀನಿ." ಆ ಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಅಂಗಡಿಯ ಅಂಟಂಟು ಚಪಾತಿಯೇ. ಅವ್ವ ಪ್ರತಿ ಸಲ ಬಡಿಸುವಾಗಲೂ, "ವಿದ್ಯಾದ ಊಟ, ಉಣ್ಣಿ" ಎನ್ನುತ್ತಿದ್ದಳು.

ತಣ್ಣಗಾದ ಕೊಂಬನ್ನು ಅಪ್ಪ ಗಾಜಿನ ಚೂರಿನಿಂದ ಹೆರೆದ. ಒಂದು ವಾರ, ಕೆಲಸದಿಂದ ಬಂದ ಮೇಲೆ, ಚಹಾ ಕುಡಿಯುವುದಕ್ಕೂ ಮೊದಲು. ಹೆರೆದಂತೆಲ್ಲ ಅದು ಜೇನಿನ ಬಣ್ಣಕ್ಕೆ ತಿರುಗಿತು, ಒಂದೆರಡು ಕಡೆ ಹೊಗೆಯಂಥ ಗೆರೆ. ಕಿಟಕಿಗೆ ಹಿಡಿದರೆ ಆಚೆಯ ಮೇಪಲ್ ಮರ ಕಾಣುತ್ತಿತ್ತು. ಹಲಗೆಗೆ ಚೆರ್ರಿ ಮರ. ಹಾಳೆಯ ಮೇಲೆ ದೊಡ್ಡಕ್ಷರ, ಸಣ್ಣಕ್ಷರ ನಾನೇ ಬರೆದೆ. ತಲೆಯಲ್ಲಿ ಶಿಲುಬೆ ಇರುವ ಜಾಗದಲ್ಲಿ ಆಯಿ ಹೇಳಿದಂತೆ ಶ್ರೀ. ಸುತ್ತ ಹಿತ್ತಾಳೆಯ ಪಟ್ಟಿ ಬಡಿದು, ಹಿಡಿಕೆಯ ಮೇಲೆ ಅಪ್ಪ ಯಾರೂ ಕೇಳದಿದ್ದರೂ ಒಂದು ಪುಟ್ಟ ಗಿಳಿ ಕೆತ್ತಿದ. ಅಮೇರಿಕಕ್ಕೆ ಬಂದ ಮೇಲೆ ಅವನು ಕೆತ್ತಿದ ಮೊದಲ ಗಿಳಿ ಅದು. ಆಯಿಯ ಕೈಗೆ ಕೊಟ್ಟು, "ತಿದ್ದೋದು ಕೋಡಿನ ಮ್ಯಾಲ. ಬರಿಯೋದು ಹಾಳಿ ಮ್ಯಾಲ, ಒಂದ ಸಲ" ಎಂದ.

ಅದು ಫಲಿಸಿತು. ತಿದ್ದುವ ಹಸಿವೆಲ್ಲ ಆಯಿಯ ಬೆರಳಿನಿಂದ ಕೊಂಬಿನ ಮೇಲೆ ತೀರುತ್ತಿತ್ತು. ಹತ್ತು ಸಲ, ಇಪ್ಪತ್ತು ಸಲ, ಬೇಕಾದಷ್ಟು. ಕೊಂಬು ಹೊಳೆಯುತ್ತ ಹೋಯಿತೇ ಹೊರತು ಅಕ್ಷರ ಊದಿಕೊಳ್ಳಲಿಲ್ಲ. ಆಮೇಲೆ ಪೆನ್ನು ಹಿಡಿದು ಕಾಗದದ ಮೇಲೆ ಒಂದೇ ಸಲ ಬರೆದು ಕೈ ಎತ್ತುತ್ತಿದ್ದಳು. ಮೊದಮೊದಲು ಎತ್ತಿದ ಕೈ ಮತ್ತೆ ಹಾಳೆಯ ಕಡೆಗೇ ಎಳೆಯುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಹಟಮಾರಿ ಕೂಸನ್ನು ಕೂಡಿಸಿಕೊಂಡ ಹಾಗೆ. ಒಂದು ಸಂಜೆ ಅನು ಆ ಹಲಗೆ ಎತ್ತಿಕೊಂಡು ಗರಾಜಿನ ಬಾಗಿಲಿಗೆ ಟೆನಿಸ್ ಚೆಂಡು ಹೊಡೆಯುತ್ತಿದ್ದಳು. ನಾನು ಕೂಗಿಕೊಂಡೆ. "ಇಟ್ಸ್ ಎ ಪ್ಯಾಡಲ್, ಬಸು ಅಣ್ಣ" ಎಂದಳು ಅವಳು ತಣ್ಣಗೆ. ಆಯಿ ಬೈಯುತ್ತಾಳೆ ಅಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಲಗೆಯನ್ನು ಕಣ್ಣಿಗೊತ್ತಿಕೊಂಡು, "ಆ ಲೈಬ್ರರಿ ಮುದುಕಿ ಸುಳ್ಳು ಹೇಳಿಲ್ಲ ನೋಡು, ಹುಡುಗರು ಎಲ್ಲಾ ಕಾಲಕ್ಕೂ ಹಿಂಗ" ಎಂದಳು.

ಎರಡನೇ ಸಲ ಬಾಲ್ಟಿಮೋರಿಗೆ ಹೋದಾಗ ಒಳಗಿದ್ದದ್ದು ಕಾಲು ಗಂಟೆಯೂ ಇಲ್ಲ. ಹೊರಗೆ ಬಂದವಳು ದೊಡ್ಡಪ್ಪನನ್ನು ದಾಟಿ ನನ್ನ ಮುಂದೆ ನಿಂತಳು. "ಒಂದ ಸಲ" ಎಂದು ಒಂದು ಬೆರಳು ಎತ್ತಿ ತೋರಿಸಿದಳು. ಅಷ್ಟು ಜನರ ನಡುವೆ ನನಗೆ ಅಳು ಬಂತು. ಆಯಿ ಸೆರಗಿನಿಂದ ನನ್ನ ಮುಖ ಒರೆಸಿ, "ಮಾಸ್ತರು ಅಳಬಾರದಪ್ಪ, ಶಾಲಿ ಬಿಟ್ಟು ಹೋಗತಾವ ಹುಡುಗರು" ಎಂದಳು. ಸಿಟಿಜನ್ ಆದ ಕಾಗದಕ್ಕೆ ಹಸ್ತಾಕ್ಷರ ಹಾಕುವ ದಿನ ಹೆಬ್ಬೆಟ್ಟಿನ ಜಾಗದಲ್ಲಿ ತನ್ನ ಹೆಸರು ಬರೆದಳು. ನೀಲಿ ಪಾಸ್‌ಪೋರ್ಟು ಬಂತು. ಎರಡು ಸಾವಿರದ ಹತ್ತರ ದೀಪಾವಳಿ ಮುಗಿಸಿ ಗದಗಿಗೆ ಹೊರಟಳು. ಡಲಸ್ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತವಳು, ಪಾಸ್‌ಪೋರ್ಟನ್ನು ಎಲ್ಲರಿಗೂ ಇನ್ನೊಮ್ಮೆ ತೋರಿಸಿ, "ಯಾವಾಗ ಮನಸ್ಸಾಗತದ ಆವಾಗ ಬರ್ತೀನಿ, ಯಾರ್ನೂ ಕೇಳಂಗಿಲ್ಲ" ಎಂದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ಆಕೆ ಬರಲಿಲ್ಲ. ನೀಲತ್ತೆಯ ಇನ್ನೊಂದು ಕಣ್ಣೂ ಹೋಯಿತು, ಮನಸ್ಸಾಗುವುದು ಮುಂದೆ ಮುಂದೆ ಹೋಯಿತು, ಮೂರನೆಯ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಬರುವ ಹಕ್ಕು ಕೈಯಲ್ಲಿತ್ತು. ಅದಿತ್ತು ಎಂಬ ಧೈರ್ಯದ ಮೇಲೇ ಅಲ್ಲಿ ಅಷ್ಟು ಹಗುರಾಗಿ ಉಳಿದಳು ಎಂದು ನಾನು ತಿಳಿದುಕೊಂಡಿದ್ದೇನೆ.

ಮರುವರ್ಷ ನಾನು ಶಾಲೆ ಬಿಟ್ಟು ಅಪ್ಪನ ಜೊತೆ ಕೆಲಸಕ್ಕೆ ನಿಂತೆ. ಕನ್ನಡದವರ ಹಬ್ಬದ ಊಟಗಳಲ್ಲಿ ಡಾಕ್ಟರ್ ಎಂಜಿನಿಯರ್ ಅಂಕಲ್‌ಗಳು ಏನು ಓದುತ್ತಿದ್ದೀಯ ಎಂದು ಕೇಳಿದರೆ, ಓದುತ್ತಿಲ್ಲ, ಬಡಗಿ, ನಿಮ್ಮ ಮನೆಯ ಮೆಟ್ಟಿಲು ಕಿರುಗುಟ್ಟಿದರೆ ಕರೆಯಿರಿ ಎನ್ನುತ್ತಿದ್ದೆ. ಕರೆದಿದ್ದಾರೆ ಕೂಡ. ದೊಡ್ಡಪ್ಪನಿಗೆ ಅಟ್ಲಾಂಟಾದಲ್ಲಿ ಕೆಲಸವಾಗಿ ಆ ಮನೆ ಮಾರಿದ. ಅಪ್ಪ ಅವ್ವ ಈಗ ನಾರ್ತ್ ಕ್ಯಾರೊಲೈನಾದಲ್ಲಿ. ಎಲಿಕಾಟ್ ಸಿಟಿಯ ಕಡೆ ಕೆಲಸ ಬಿದ್ದರೆ ಆ ಬೀದಿಯಲ್ಲಿ ಒಮ್ಮೆ ನಿಧಾನಕ್ಕೆ ಹಾದು ಹೋಗುತ್ತೇನೆ. ಗರಾಜಿನ ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದಾರೆ. ನೀವೂ ಇಂಥ ಬೀದಿಯೊಂದರಲ್ಲಿ ಹೀಗೇ ಹಾದು ಹೋಗಿರುತ್ತೀರಿ; ಇಳಿದು ಬಾಗಿಲು ತಟ್ಟಿದರೆ ತೆರೆಯುವವರು ಬೇರೆ ಯಾರೋ ಎಂದು ಗೊತ್ತಿದ್ದೂ ಬ್ರೇಕಿನ ಮೇಲೆ ಕಾಲಿಟ್ಟಿರುತ್ತೀರಿ.

ಆಯಿ ಗದಗಿನಿಂದ ನನಗೆ ಬರೆದದ್ದು ಒಂದೇ ಒಂದು ಕಾಗದ. ಅವಳು ಇಲ್ಲಿಂದ ಹೊರಟ ಮರುವರ್ಷ ಬಂತು. ಅವಳಿಗೆ ಬರುತ್ತಿದ್ದದ್ದು ಇಂಗ್ಲಿಷಿನ ಅಕ್ಷರ, ಬರುತ್ತಿದ್ದ ಮಾತು ಕನ್ನಡ. ಆ ಮಾತನ್ನು ಆ ಅಕ್ಷರದಲ್ಲಿ ಬರೆದಿದ್ದಳು, ಕಿವಿಗೆ ಕೇಳಿದ ಹಾಗೆ, ಪದ ಪದಗಳ ನಡುವೆ ಜಾಗವನ್ನೂ ಬಿಡದೆ. ಕಣ್ಣಿನಿಂದ ಓದಿದರೆ ಒಂದೂ ಅರ್ಥವಾಗಲಿಲ್ಲ. ಇಂಗ್ಲಿಷ್ ಬಲ್ಲ ದೊಡ್ಡಪ್ಪ ನೋಡಿ ಕೈಬಿಟ್ಟ, ಕನ್ನಡ ಬಲ್ಲ ಅವ್ವ ನೋಡಿ ಕೈಬಿಟ್ಟಳು. ಕೊನೆಗೆ ಅಪ್ಪ ಮೆಟ್ಟಿಲ ಮೇಲೆ ಕೂತು ಒಂದೊಂದೇ ಅಕ್ಷರವನ್ನು ಬಾಯಿ ಬಿಟ್ಟು ಹೇಳುತ್ತ ಹೋದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಬಾಯಿಂದ ಆಯಿ ಮಾತಾಡತೊಡಗಿದಳು. ಅವಳ ಗದಗು, ಅವಳ ಎಳೆತ, ಅವಳು ಉಸಿರು ತೆಗೆದುಕೊಳ್ಳುವ ಜಾಗ. ಅವ್ವ ಒಲೆ ಆರಿಸಿ ಬಂದು ನಿಂತಳು. ಈಗ ಆ ಕಾಗದ ನನ್ನ ಟ್ರಕ್ಕಿನಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಕೆಲವು ಸಂಜೆ ಕಿಟಕಿಗಳನ್ನು ಏರಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ. ಬಸು, ಉಂಡ್ಯೇನು. ನೀಲಾ ಚಲೋ ಅದಾಳ. ಇಲ್ಲಿ ಬಿಸಲು ಭಾಳ. ನಾ ಬರ್ತೀನಿ.